ಮರಳಿ ಬಾರದ ಗಿರಾಕಿ



ನಮ್ಮ ನಾಡಿನ ಜಾತ್ರೆಗಳನ್ನು ನೀವೆಲ್ಲರೂ ಕಂಡವರು. ತೇರು ಕದಲುವ ಹೊತ್ತಿಗೆ ಉತ್ತತ್ತಿ ಬಾಳೆಹಣ್ಣುಗಳನ್ನು ಎಸೆದು ಕೈಮುಗಿದಿದ್ದೀರಿ. ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದ್ದೀರಿ. ನಿಮ್ಮಲ್ಲಿ ಅನೇಕರು ವಿದ್ಯಾರ್ಥಿದೆಸೆಯಲ್ಲಿ ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು, ಅದೇ ಪಂಕ್ತಿಯಲ್ಲಿ ಬಕೆಟ್ಟು ಹಿಡಿದು ಸಾರು ಬಡಿಸಿದವರೂ ಹೌದು. ಆದರೆ ತೇರುಬೀದಿಯ ಇಕ್ಕೆಲಗಳಲ್ಲಿ ನಾಲ್ಕು ಗಳ ನೆಟ್ಟು, ಮೇಲೆ ತಾಡಪತ್ರಿ ಹೊದಿಸಿ, ಬಳೆ, ಬತ್ತಾಸು, ಗಿಲಕಿ, ಪೀಪಿಗಳನ್ನು ಹರವಿಕೊಂಡು ಕುಳಿತ ವ್ಯಾಪಾರಿಯನ್ನು ನಮ್ಮಲ್ಲಿ ಎಷ್ಟು ಮಂದಿ ನಿಂತು ನೋಡಿದ್ದೇವೆ? ಕೊಂಡಿದ್ದೇವೆ, ಚೌಕಾಸಿ ಮಾಡಿದ್ದೇವೆ, ಮುಂದೆ ಹೋಗಿದ್ದೇವೆ. ಅವನ ಬದುಕಿನೊಳಗಿಂದ ಏಳುವ ಒಂದು ಪ್ರಶ್ನೆಯನ್ನು ಈ ದಿನ ನಿಮ್ಮ ಮುಂದಿಡಬೇಕೆಂದಿದ್ದೇನೆ. ಮತ್ತೆಂದೂ ಕಾಣಲಾರದ ಮನುಷ್ಯನ ವಿಷಯದಲ್ಲಿ ನಾವು ಸತ್ಯವಂತರಾಗಿರಬೇಕೇ? ಇರಬೇಕಾದರೆ, ಏತಕ್ಕೆ?

ಊರ ಅಂಗಡಿಕಾರನ ಮುಂದೆ ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿ ಏಳುವುದಿಲ್ಲ. ಈ ದಿನ ತೂಕದಲ್ಲಿ ಕೊಂಚ ಕಡಮೆ ಮಾಡಿದರೆ ನಾಳೆ ಅದೇ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಮಾತು ಓಣಿಯಿಂದ ಓಣಿಗೆ ಹಬ್ಬುತ್ತದೆ. ಆದುದರಿಂದ ಊರ ವ್ಯಾಪಾರಿಯ ಪ್ರಾಮಾಣಿಕತೆಯಲ್ಲಿ ಎಷ್ಟು ಪಾಲು ಧರ್ಮ, ಎಷ್ಟು ಪಾಲು ಲಾಭದ ಲೆಕ್ಕ ಎಂದು ಬೇರ್ಪಡಿಸಿ ಹೇಳುವುದು ಅವನಿಗೇ ಕಷ್ಟ. ಜಾತ್ರೆಯ ಅಂಗಡಿಯಲ್ಲಾದರೋ ಈ ಲೆಕ್ಕವೇ ಇಲ್ಲ. ಕೊಳ್ಳುವವನು ಹತ್ತು ಹರಿದಾರಿ ಆಚೆಯ ಊರಿನವನು; ಮಾರುವವನು ಮೂರನೆಯ ಜಿಲ್ಲೆಯವನು. ತೇರು ನೆಲೆ ಸೇರಿದೊಡನೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಅಲ್ಲಿ ಯಾರಾದರೂ ಸತ್ಯ ನುಡಿದರೆ ಅದು ಅಪ್ಪಟ ಸತ್ಯ. ಅದಕ್ಕೆ ಪ್ರತಿಫಲದ ಬೆರಕೆಯಿಲ್ಲ.

ನನಗೆ ಪರಿಚಿತನಾದ ಒಬ್ಬ ಬಳೆಗಾರನಿದ್ದಾನೆ. ಬಾಗಲಕೋಟೆಯ ಕಡೆಯವನು, ನಲವತ್ತು ವರ್ಷಗಳಿಂದ ಜಾತ್ರೆಗಳನ್ನೇ ನಂಬಿ ಬದುಕಿದವನು. ಗೋಡೆಗೆ ತೂಗುಹಾಕುವ ಇಂಗ್ಲಿಷ್ ತಿಂಗಳುಗಳ ಕ್ಯಾಲೆಂಡರು ಅವನಿಗೆ ನಿಷ್ಪ್ರಯೋಜಕ. ಅವನ ವರ್ಷ ನಡೆಯುವುದು ಪಂಚಾಂಗದ ತಿಥಿಗಳ ಮೇಲೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬಳಿಯ ಬನಶಂಕರಿಯ ತೇರು. ಅದಾದ ಬಿದಿಗೆಗೆ ಕೊಪ್ಪಳದ ಗವಿಸಿದ್ಧೇಶ್ವರನ ತೇರು. ಎರಡು ದಿನದ ಅಂತರದಲ್ಲಿ ಎರಡು ಮಹಾಜಾತ್ರೆಗಳಾದುದರಿಂದ, ಮನೆಯಲ್ಲಿ ದುಡಿಯುವವರು ಇಬ್ಬರಿದ್ದರೆ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ಮಾಘ ಬಹುಳ ದಶಮಿಯ ವೇಳೆಗೆ ಕೊಟ್ಟೂರು. ಫಾಲ್ಗುಣದ ಹುಣ್ಣಿಮೆ ಕಳೆದ ಮೇಲೆ ನಾಯಕನಹಟ್ಟಿ ಇಲ್ಲವೇ ಕಲಬುರಗಿಯ ಶರಣಬಸವೇಶ್ವರ. ನಡುನಡುವೆ ಹೆಸರು ದೊಡ್ಡದಲ್ಲದ ಹತ್ತಾರು ಊರ ಜಾತ್ರೆಗಳು. ಮಳೆಗಾಲ ಹಿಡಿಯುವುದರೊಳಗೆ ವರ್ಷದ ಅನ್ನವನ್ನು ಗಳಿಸಿಕೊಳ್ಳಬೇಕು.

ಈ ಗಳಿಕೆಯ ಬಗೆಯನ್ನೂ ಸ್ವಲ್ಪ ವಿಚಾರಿಸಿರಿ. ಸರಕು ಪೇಟೆಯ ದೊಡ್ಡ ಅಂಗಡಿಯಿಂದ ಉದ್ದರಿಯಾಗಿ ಬರುತ್ತದೆ. ಲಾರಿಯ ಬಾಡಿಗೆ, ನೆಲದ ಬಾಡಿಗೆ, ದೀಪದ ಖರ್ಚುಗಳನ್ನು ಬಳೆ ಮಾರುವ ಮೊದಲೇ ತೆರಬೇಕು. ತೇರಿಗೆ ನಾಲ್ಕು ದಿನ ಮುಂಚೆ ಬಂದು ಜಾಗ ಹಿಡಿಯಬೇಕು; ರಾತ್ರಿ ಸರಕಿನ ಪೆಟ್ಟಿಗೆಗಳ ನಡುವೆಯೇ ಮಲಗಬೇಕು. ಇಷ್ಟೆಲ್ಲ ಮಾಡಿದರೂ ನಿಜವಾದ ವ್ಯಾಪಾರ ನಡೆಯುವುದು ತೇರಿನ ಹಿಂದುಮುಂದಿನ ಕೆಲವೇ ತಾಸು. ಆ ಹೊತ್ತಿನಲ್ಲಿ ಒಂದು ಅಕಾಲದ ಮಳೆ ಸುರಿಯಿತೆಂದರೆ ಲಾಭವಿರಲಿ, ಅಸಲೂ ಮಣ್ಣುಪಾಲು. ಗಾಜಿನ ಬಳೆಯ ವ್ಯಾಪಾರಕ್ಕೆ ಇನ್ನೂ ಒಂದು ಕಟ್ಟಳೆಯಿದೆ. ತೊಡಿಸುವಾಗ ಒಡೆದ ಬಳೆ ಬಳೆಗಾರನ ಲೆಕ್ಕಕ್ಕೆ. ಹೆಣ್ಣುಮಕ್ಕಳಿಂದ ಅದರ ಬೆಲೆಯನ್ನು ಅವನು ಕೇಳುವುದಿಲ್ಲ. ಕೈಯ ಎಲುಬು ಬಿರುಸಾಗಿದ್ದುದು ಅವನ ತಪ್ಪಲ್ಲವಾದರೂ ನಷ್ಟ ಅವನದೇ.

ಇಂಥವನು ಒಂದು ರಾತ್ರಿ, ಜಾತ್ರೆಯ ಗದ್ದಲ ಅಡಗಿದ ಮೇಲೆ, ನನ್ನೆದುರಿಗೆ ತನ್ನ ಪ್ರಾಯದ ಕಾಲದ ಸಂಗತಿಯೊಂದನ್ನು ಬಿಚ್ಚಿಟ್ಟನು. ಹಿಂದಿನ ಜಾತ್ರೆಯಲ್ಲಿ ಮಳೆಗೆ ನೆನೆದು, ಚಿನ್ನದ ಗೆರೆಯ ಬಣ್ಣ ಸಡಿಲಾಗಿದ್ದ ಹಸಿರು ಬಳೆಗಳು ಪೆಟ್ಟಿಗೆಯ ತಳದಲ್ಲಿ ಉಳಿದಿದ್ದವು. ಹಳ್ಳಿಯ ತಾಯಿಯೊಬ್ಬಳು ಮಗಳ ಕುಬಸಕ್ಕೆಂದು ಎರಡು ಡಜನ್ ಹಸಿರು ಬಳೆ ಬೇಡಿದಳು. ಇವನು ಅವನ್ನೇ ಒರೆಸಿ, ಬಣ್ಣ ಹೋಗುವುದಿಲ್ಲವೆಂದು ಹೇಳಿ, ಪೂರ್ತಿ ಬೆಲೆಗೆ ಕೊಟ್ಟನು. ಆಕೆ ಚೌಕಾಸಿಯನ್ನೂ ಮಾಡಲಿಲ್ಲ. "ನಿನ್ನ ಕೈ ತಣ್ಣಗಿರಲಿ" ಎಂದು ಹರಸಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅಷ್ಟೇ ಕಥೆ. ಮುಂದೆ ಏನೂ ಆಗಲಿಲ್ಲ. ಯಾರೂ ಬಂದು ಜಗಳವಾಡಲಿಲ್ಲ. ಯಾವ ಶಿಕ್ಷೆಯೂ ತಟ್ಟಲಿಲ್ಲ.

"ಏನೂ ಆಗಲಿಲ್ಲಲ್ಲ, ಮತ್ತೇಕೆ ಇನ್ನೂ ನೆನೆಯುತ್ತೀ?" ಎಂದು ನಾನು ಕೇಳಿದೆ.

"ಅದಕ್ಕ ನೆನಸ್ತೀನ್ರೀ ಮಾಸ್ತರ. ಊರಾಗ ತಪ್ಪು ಮಾಡಿದ್ರ ಮರುದಿನ ಅವರ ಮನಿಗೆ ಹೋಗಿ ನಾಕು ಬಳಿ ಹೆಚ್ಚಿಗಿ ತೊಡಿಸಿ ಬರಬಹುದು. ಆ ತಾಯಿ ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಯಾರ ಬಾಗಲಾ ಬಡೀಲಿ?" ಎಂದನು.

ವಾಚಕರೇ, ಈ ಮಾತನ್ನು ಕೇಳಿದಂದಿನಿಂದ ನನ್ನ ವಿಚಾರದ ದಿಕ್ಕೇ ಬದಲಾಯಿತು. ಮರಳಿ ಬಾರದ ಗಿರಾಕಿಗೆ ಮೋಸ ಮಾಡುವುದು ಸುಲಭವೆಂದು ಲೋಕ ತಿಳಿಯುತ್ತದೆ. ಕಾರಣ, ಅವನು ಬಂದು ಕೇಳುವುದಿಲ್ಲ. ಆದರೆ ಅವನು ಬಂದು ಕೇಳದಿರುವುದೇ ಆ ತಪ್ಪನ್ನು ಹೆಚ್ಚು ಭಾರವಾಗಿಸುತ್ತದೆ. ನೆರೆಯವನಿಗೆ ಮಾಡಿದ ಅನ್ಯಾಯಕ್ಕೆ ಪ್ರಾಯಶ್ಚಿತ್ತದ ದಾರಿ ತೆರೆದಿರುತ್ತದೆ. ಅಪರಿಚಿತನಿಗೆ ಮಾಡಿದ ಅನ್ಯಾಯದ ಹಿಂದೆಯೇ ಆ ದಾರಿ ಮುಚ್ಚಿಹೋಗುತ್ತದೆ. ತಿದ್ದಲು ಅವಕಾಶವಿಲ್ಲದ ಕಡೆ ತಪ್ಪದಂತೆ ನಡೆಯುವ ಹೊಣೆ ಇಮ್ಮಡಿಯಲ್ಲವೇ? ಹೀಗೆ ನೋಡಿದಾಗ, ಜಾತ್ರೆಯ ವ್ಯಾಪಾರಿ ಊರ ವ್ಯಾಪಾರಿಗಿಂತ ಕಡಮೆಯಲ್ಲ, ಹೆಚ್ಚಿನ ಸತ್ಯಕ್ಕೆ ಬದ್ಧನಾಗಿದ್ದಾನೆ.

ಈ ಮಾತು ವ್ಯಾಪಾರಿಗೆ ಮಾತ್ರ ಸಲ್ಲುವುದೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. 1983ರಲ್ಲಿ ನಾನು ಪ್ರಸಾದ ನಿಲಯದ ವಿದ್ಯಾರ್ಥಿ. ಜಾತ್ರೆಯ ಸಂಜೆ ಗೆಳೆಯರೊಡನೆ ತಿರುಗುತ್ತ, ಬೆಂಡು ಬತ್ತಾಸು ಮಾರುತ್ತಿದ್ದ ಮುದುಕಿಯ ಬಳಿಗೆ ಹೋದೆವು. ನನ್ನ ಕಿಸೆಯಲ್ಲಿ ನಡುವೆ ಹರಿದು ಅಂಟಿಸಿದ, ಎಲ್ಲಿಯೂ ನಡೆಯದ ಐದು ರೂಪಾಯಿಯ ನೋಟೊಂದಿತ್ತು. ಪೆಟ್ರೋಮ್ಯಾಕ್ಸಿನ ಬೆಳಕಿಗೆ ಬೆನ್ನು ಮಾಡಿ ನಿಂತು, ಅದನ್ನು ನಾಲ್ಕಾಗಿ ಮಡಚಿ ಅವಳ ಕೈಗಿತ್ತೆ. ಚಿಲ್ಲರೆ ಎಣಿಸಿಕೊಂಡು ಗುಂಪಿನಲ್ಲಿ ಸೇರಿಹೋದೆ. ಗೆಳೆಯರು ನಕ್ಕರು, ನಾನೂ ನಕ್ಕೆ. ಅದೇ ರಾತ್ರಿ ದಾಸೋಹದಲ್ಲಿ ಭಕ್ತಿಯಿಂದ ಬಡಿಸಿಯೂ ಬಡಿಸಿದೆ! ಮರುವರ್ಷ ಮನಸ್ಸು ಚುಚ್ಚಿ, ಆ ಜಾಗವನ್ನು ಹುಡುಕಿಕೊಂಡು ಹೋದಾಗ ಅಲ್ಲಿ ಬೇರೊಬ್ಬನು ಗಿಲಕಿ ಮಾರುತ್ತಿದ್ದನು. ಗಿರಾಕಿ ಮಾತ್ರವಲ್ಲ, ಜಾತ್ರೆಯ ವ್ಯಾಪಾರಿಯೂ ಮರಳಿ ಬಾರದವನೇ ಎಂಬುದು ಆ ದಿನ ನನಗೆ ತಿಳಿಯಿತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಜಾತ್ರೆಯಲ್ಲಿ ಪೇಟೆಗಿಂತ ಹೆಚ್ಚು ಬೆಲೆ ಹೇಳುವುದು, ಕೊಳ್ಳುವವರು ಅದನ್ನು ಇಳಿಸುವುದು ರೂಢಿ. ಹಾಗಾದರೆ ಇಡೀ ಜಾತ್ರೆಯೇ ಸುಳ್ಳಿನ ಸಂತೆಯಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಇದು ಸರಿಯಲ್ಲ. ಚೌಕಾಸಿ ಇಬ್ಬರೂ ಅರಿತು ಆಡುವ ಮಾತು. ಮೊದಲ ಬೆಲೆ ಕೊನೆಯ ಬೆಲೆಯಲ್ಲವೆಂದು ಇಬ್ಬರಿಗೂ ಗೊತ್ತು. ಲಾರಿ, ನೆಲ, ಮಳೆ, ಒಡೆದ ಬಳೆಗಳ ಭಾರವನ್ನು ಹೊತ್ತ ಬೆಲೆ ತುಸು ಏರುವುದೂ ನ್ಯಾಯವೇ. ಬಣ್ಣ ಹೋಗುವ ಬಳೆಯನ್ನು ಹೋಗದೆಂದು ಹೇಳುವುದು, ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒತ್ತುವುದು, ಹರಿದ ನೋಟನ್ನು ಮಡಚಿ ಕೊಡುವುದು ಇವು ಬೇರೆ. ಇಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಇನ್ನು, ಹುಂಡಿಗೆ ನೂರರ ನೋಟನ್ನು ಎಣಿಸದೆ ಹಾಕಿದ ಕೈ, ಹೊರಗೆ ಬಂದು ಪೀಪಿ ಮಾರುವ ಹುಡುಗನ ಐದು ರೂಪಾಯಿಗಾಗಿ ಕಾಲುತಾಸು ಜಗ್ಗುವುದನ್ನು ರೂಢಿಯೆಂದು ಕರೆದರೂ ಚೆಲುವೆಂದು ಕರೆಯಲಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಡನೆ ಜನ ಇಂದಿಗೂ ನೆನೆಯುವ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ನುಡಿಯಲ್ಲಿ ಶ್ರಮಕ್ಕೆ ತಕ್ಕುದನ್ನು ಸಲ್ಲಿಸಬೇಕೆಂಬ ಮರ್ಯಾದೆಯಿದೆ.

ಇದನ್ನೆಲ್ಲ ಕಾಯಿದೆ ನೋಡಿಕೊಳ್ಳಲಾರದೇ ಎಂದರೆ, ಒಂದು ಮಿತಿಯವರೆಗೆ ನೋಡಿಕೊಳ್ಳುತ್ತದೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯಿಂದ ಸೇರು, ಚಟಾಕುಗಳು ಹೋಗಿ ಕಿಲೋಗ್ರಾಂ ಬಂದಿತು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ತಕ್ಕಡಿ ಬಟ್ಟುಗಳಿಗೆ ಸರಕಾರದ ಮುದ್ರೆ ಬೇಕು. ಬೀದಿ ವ್ಯಾಪಾರಿಗಳ ಜೀವನೋಪಾಯದ ರಕ್ಷಣೆಗೆ 2014ರಲ್ಲಿ ಕೇಂದ್ರದ ಕಾಯ್ದೆಯೊಂದು ಬಂದಿತು. ಆದರೆ ಅದು ನಗರ ಪಟ್ಟಣಗಳನ್ನು ಕುರಿತದ್ದು, ಹಳ್ಳಿಯ ತೇರುಬೀದಿಯವರೆಗೆ ಅದರ ನೆರಳು ಚಾಚದು. ಮುದ್ರೆಯನ್ನು ಬಟ್ಟಿನ ಮೇಲೆ ಒತ್ತಬಹುದು, ನಾಲಗೆಯ ಮೇಲೆ ಒತ್ತಲಾಗದು. ಕಾಯಿದೆಯ ಕಣ್ಣು ಸೇರದ ಎಡೆಯಲ್ಲಿ ಮನುಷ್ಯನಿಗೆ ಅವನ ಅಂತರಂಗವೇ ಸಾಕ್ಷಿ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ವೃತ್ತಾಂತವನ್ನು ಬಾಲ್ಯದಿಂದ ಕೇಳಿದ ನಿಮಗೆ ಇದು ಹೊಸದಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮ ತಿರುಗಿ ಕಳುಹಿಸಿದಳು. ನೆಲಕ್ಕೆ ಬಿದ್ದ ಕಾಳುಗಳನ್ನು ಎಣಿಸಿದವರು ಯಾರು? ಹೆಚ್ಚಿಗೆ ತಂದೆಯೆಂದು ಕೇಳುವವರು ಯಾರು? ಕೇಳುವವರಿಲ್ಲದ ಅಕ್ಕಿಯಾದುದರಿಂದಲೇ ಆ ತಾಯಿಯ ನಿಷ್ಠುರತೆಗೆ ಅಷ್ಟು ಬೆಲೆ. ಕಾಯಕಕ್ಕೆ ಸತ್ಯ ಶುದ್ಧವೆಂಬ ವಿಶೇಷಣ ಬೇಕಾದುದು ಇಂಥ ಗಳಿಗೆಗಾಗಿಯೇ.

ಜಾತ್ರೆಯ ನೆಲದ ಮೇಲೆಯೇ ಇನ್ನೊಂದು ನಿದರ್ಶನ ನಮ್ಮ ಕಣ್ಣೆದುರಿಗಿದೆ. ಅಂಗಡಿಗಳ ಸಾಲಿನಿಂದ ಕೂಗಳತೆಯ ದೂರದಲ್ಲಿ ದಾಸೋಹದ ಮಂಟಪ. ಅಲ್ಲಿ ರೊಟ್ಟಿ ಬಡಿಸುವವನು ಕುಳಿತವನ ಊರು, ಕುಲ, ಮತಗಳನ್ನು ಕೇಳುವುದಿಲ್ಲ. ಉಂಡವನು ಮರಳಿ ಬಂದು ಋಣ ತೀರಿಸುವನೆಂದೂ ಎಣಿಸುವುದಿಲ್ಲ. ರೊಟ್ಟಿಗಳನ್ನು ಬಂಡಿಯಲ್ಲಿ ಹೇರಿ ಕಳುಹಿಸುವ ಹಳ್ಳಿಯ ತಾಯಂದಿರಿಗೆ ತಮ್ಮ ರೊಟ್ಟಿಯನ್ನು ಉಂಡವರ ಮುಖವೇ ತಿಳಿಯದು. ಮತ್ತೆ ಕಾಣದವನೆಂಬ ಒಂದೇ ಕಾರಣ, ಇಲ್ಲಿ ನಿರಪೇಕ್ಷವಾಗಿ ನೀಡುವುದಕ್ಕೂ ಅಲ್ಲಿ ನಿರ್ಭಯವಾಗಿ ವಂಚಿಸುವುದಕ್ಕೂ ಆಗುವುದೆಂದರೆ, ನಮ್ಮ ಜಾತ್ರೆ ಎರಡು ತುಂಡಾದಂತೆ. ಮಂಟಪದ ಧರ್ಮ ಅಂಗಡಿಯ ಸಾಲಿಗೂ ಸಾಗಬೇಕು.

2020ರ ಮಾರ್ಚಿಯಲ್ಲಿ ಸೋಂಕಿನ ಭಯದಿಂದ ಜಾತ್ರೆಗಳು ನಿಂತವು. ನಮ್ಮ ಬಳೆಗಾರನ ಪೆಟ್ಟಿಗೆಗಳು ಮನೆಯ ಮೂಲೆಯಲ್ಲಿ ಧೂಳು ತಿಂದವು. ಉದ್ದರಿ ಮಾತ್ರ ಬೆಳೆಯಿತು. ಆ ದಿನಗಳನ್ನು ನೆನೆದು ಅವನು ಹೇಳಿದುದಿಷ್ಟು: ಇಷ್ಟು ವರ್ಷ ತನಗೆ ಅನ್ನವಿಟ್ಟವರು ಹೆಸರು ತಿಳಿಯದ ಆ ಜನರೇ ಎಂದು ಅವರು ಬಾರದೆ ಹೋದಾಗ ಗೊತ್ತಾಯಿತು.

ಈಗ ಗಳಕ್ಕೆ ಕ್ಯೂಆರ್ ಚೀಟಿ ಅಂಟಿಸಿ ಮೊಬೈಲಿನಲ್ಲಿಯೇ ಹಣ ಪಡೆಯುವ ಕಾಲ. ಹರಿದ ನೋಟಿನ ಕಾಟ ತಪ್ಪಿತೆಂದುಕೊಂಡಿದ್ದೆ. ಆದರೆ ಗದ್ದಲದಲ್ಲಿ ಹಣ ಸಂದಾಯವಾದಂತೆ ಸುಳ್ಳು ಚಿತ್ರ ತೋರಿಸಿ ಜಾರಿಕೊಳ್ಳುವ ಹುಡುಗರಿದ್ದಾರೆಂದು ಅವನಿಂದ ಕೇಳಿದಾಗ, ಪೆಟ್ರೋಮ್ಯಾಕ್ಸಿಗೆ ಬೆನ್ನು ಮಾಡಿ ನಿಂತ 1983ರ ಹುಡುಗನೇ ನನ್ನ ಕಣ್ಣಿಗೆ ಬಿದ್ದನು.

ಆ ಮುದುಕಿಯ ಋಣವನ್ನು ತೀರಿಸುವ ಬಗೆಯಾವುದೆಂದು ಬಳೆಗಾರನನ್ನೊಮ್ಮೆ ಕೇಳಿದೆ. "ಆ ಜಾಗದಾಗ ಯಾರು ಕುಂತಿರ್ತಾರೋ ಅವರ ಹತ್ರ ಏನರೆ ತಗೋರಿ, ಜಗ್ಗಬ್ಯಾಡ್ರಿ. ಆದರ ತೀರಿತು ಅಂತ ಅನ್ನಬ್ಯಾಡ್ರಿ" ಎಂದನು. ತಾನು ಸಹ ಪ್ರತಿ ವರ್ಷ, ಕುಬಸಕ್ಕೆಂದು ಹಸಿರು ಬಳೆ ಕೇಳಿ ಬರುವ ತಾಯಂದಿರಿಗೆ ಪೆಟ್ಟಿಗೆಯ ಮೇಲಣ ಹೊಸ ಕಟ್ಟನ್ನೇ ಬಿಚ್ಚುತ್ತಾನಂತೆ.

ಮುಂದಿನ ಜಾತ್ರೆಗೆ ನೀವೂ ಬರುವಿರಿ. ತೇರಿಗೆ ಕೈಮುಗಿದು ಹಿಂದಿರುಗುವಾಗ ಮಕ್ಕಳಿಗೆ ಬತ್ತಾಸನ್ನೋ ಬಳೆಯನ್ನೋ ಕೊಳ್ಳುವಿರಿ. ಆಗ ಒಂದು ಗಳಿಗೆ ನಿಂತು, ಮಾರುವವನ ಮುಖವನ್ನು ನೋಡಿರಿ. ಚಿಲ್ಲರೆ ಹೆಚ್ಚಾಗಿ ಬಂದಿದ್ದರೆ ಆ ಗುಂಪಿನಲ್ಲಿಯೇ ತಿರುಗಿ ಹೋಗಿ ಕೊಟ್ಟುಬಿಡಿರಿ. ಮರುದಿನ ಅಲ್ಲಿ ಬರಿಯ ಗಳದ ಕುಳಿಗಳು ಉಳಿದಿರುತ್ತವೆ.