ತಿದ್ದಿದವರ ಪಂಕ್ತಿ

ಕಳೆದ ಕ್ರಿಸ್ಮಸ್ಸಿನಲ್ಲಿ ಎಕಂಬಾದ ಒಂದು ಮನೆಯ ಪ್ರಾರ್ಥನಾಕೂಟದಲ್ಲಿ ಮಾತನಾಡುತ್ತ, ಅಂತಿಯೋಕ್ಯದಲ್ಲಿ ಪೇತ್ರನು ಪೌಲನನ್ನು ಗದರಿಸಿದನೆಂದುಬಿಟ್ಟೆ. ‘ಹಂಗಲ್ಲ ತಮ್ಮಾ, ಪೌಲ ಪೇತ್ರಗ ಬೈದಾನ’ ಎಂದಳು ಮೂಲೆಯಲ್ಲಿ ಕುಳಿತಿದ್ದ ಅಜ್ಜಿ. ‘ಹೌದಮ್ಮಾ’ ಎಂದೆನಾದರೂ ಎಂ.ಎ. ಓದಿದವನ ಕಿವಿ ಬಿಸಿಯಾಯಿತು.

ಪೇತ್ರನ ತಪ್ಪಾದರೂ ಊಟದ್ದೇ. ಅನ್ಯಜನರೊಡನೆ ಉಣ್ಣುತ್ತಿದ್ದವನು, ಯಾಕೋಬನ ಕಡೆಯ ಯೆಹೂದ್ಯರು ಬಂದೊಡನೆ ಪಂಕ್ತಿಯಿಂದ ಹಿಂದೆ ಸರಿದ. ಪೌಲನು ಎಲ್ಲರೆದುರಿಗೇ ಆಕ್ಷೇಪಿಸಿದ. ಪೇತ್ರನು ಏನೆಂದನೋ, ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿಲ್ಲ. ಆದರೆ ಪೇತ್ರನ ಹೆಸರಿನ ಎರಡನೆಯ ಪತ್ರಿಕೆ ಪೌಲನನ್ನು ಪ್ರಿಯ ಸಹೋದರನೆನ್ನುತ್ತದೆ. ಅದು ಪೇತ್ರನದೇ ಬರಹವೇ ಎಂದು ವಿದ್ವಾಂಸರಿಗೆ ಸಂದೇಹವಿದೆ, ಇರಲಿ. ತಪ್ಪೊಪ್ಪಲು ಒಂದು ಮಾತು ಸಾಕು. ತಿದ್ದಿದವರನ್ನು ಆಮೇಲೆ ಹಾಗೆ ಕರೆಯಲು ಬೇರೆಯೇ ಮನಸ್ಸು ಬೇಕು.

ಅಂದು ಊಟಕ್ಕೆ ಆ ಅಜ್ಜಿಯ ಪಕ್ಕದಲ್ಲೇ ಜಾಗವಿತ್ತು. ನಾನು ಎದುರು ಸಾಲಿನಲ್ಲಿ ಕುಳಿತೆ.