ಹಿಂದೆ ಉಳಿದವನು

ಪ್ರಯಾಣಕ್ಕೆ ಅರಬಿ ಭಾಷೆಯಲ್ಲಿ ‘ಸಫರ್’ ಎನ್ನುತ್ತಾರೆ. ಮುಸುಕು ಸರಿಸುವುದು, ಬಯಲಾಗಿಸುವುದು ಎಂಬ ಅರ್ಥವೂ ಆ ಪದದ ಮೂಲದಲ್ಲಿದೆ. ಮನುಷ್ಯನ ಗುಣವನ್ನು ಬಯಲಿಗೆ ತರುವುದರಿಂದಲೇ ಪ್ರಯಾಣಕ್ಕೆ ಈ ಹೆಸರು ಬಂತೆಂದು ಇಮಾಮ್ ಗಝಾಲಿ(ರ) ವಿವರಿಸಿದ್ದಾರೆ. ಮದ್ರಸದಲ್ಲಿ ಇದನ್ನು ಓದಿದ್ದೆ, ಮಕ್ಕಳಿಗೂ ಹೇಳಿಕೊಟ್ಟಿದ್ದೆ. ಆದರೆ ಪ್ರಯಾಣವು ಜೊತೆಗಾರರ ಗುಣವನ್ನು ತೋರಿಸುತ್ತದೆ ಎಂದಷ್ಟೇ ತಿಳಿದಿದ್ದೆ. ಅದು ಮೊದಲು ನನ್ನ ಮುಸುಕನ್ನೇ ಸರಿಸೀತೆಂದು ಭಾವಿಸಿರಲಿಲ್ಲ.

ಒಂದು ಜನವರಿಯಲ್ಲಿ ನಾವು ಐವರು ಗೆಳೆಯರು ಹಿರಿಯೂರು ತಾಲ್ಲೂಕಿನ ಆದಿವಾಲದಿಂದ ಕಾಲ್ನಡಿಗೆಯಲ್ಲಿ ಹೊರಟೆವು. ವಾಣಿವಿಲಾಸ ಸಾಗರವನ್ನು ದಾಟಿ, ಗುಡ್ಡಗಳ ಹಾದಿ ಹಿಡಿದು, ಮೂರನೆಯ ದಿನ ಚಿತ್ರದುರ್ಗ ಮುಟ್ಟುವುದು ನಮ್ಮ ಯೋಜನೆ. ಮೂವರು ಪ್ರಯಾಣ ಹೊರಟರೆ ತಮ್ಮಲ್ಲೊಬ್ಬನನ್ನು ಅಮೀರನನ್ನಾಗಿ ಮಾಡಿಕೊಳ್ಳಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆಯಲ್ಲವೇ? ಗೆಳೆಯರು ನನ್ನನ್ನೇ ಅಮೀರನೆಂದರು. ಬಾಯಲ್ಲಿ ಬೇಡವೆಂದೆ, ಮನಸ್ಸಿನಲ್ಲಿ ಹಿಗ್ಗಿದೆ.

ನಮ್ಮಲ್ಲಿ ಹಿರಿಯರೆಂದರೆ ದರ್ಜಿ ಭಾಯಿ. ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಐವರ ಹೆಗಲ ಚೀಲಗಳನ್ನು ಹೊಲಿದುಕೊಟ್ಟವರು ಅವರೇ. ಒತ್ತಾಯ ಮಾಡಿ ಅವರನ್ನು ಹೊರಡಿಸಿದವನು ನಾನು.

ಬೆಳಗಿನ ನಡಿಗೆ ಹಿತವಾಗಿತ್ತು. ತೆಂಗು, ಅಡಿಕೆ ತೋಟಗಳ ನಡುವೆ ನಾಲೆಯ ಏರಿಯ ಮೇಲೆ ಮಾತಾಡುತ್ತಾ ಸಾಗಿದೆವು. ಮಧ್ಯಾಹ್ನದ ಹೊತ್ತಿಗೆ ಅಣೆಕಟ್ಟು ಕಂಡಿತು. ಹಿರಿಯರು ಮಾರಿಕಣಿವೆ ಎಂದೇ ಕರೆಯುವ ಈ ಕಟ್ಟೆಯನ್ನು ಮೈಸೂರು ಅರಸರ ಆಡಳಿತದಲ್ಲಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದರು. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಂತ ಕಲ್ಲಿನ ಗೋಡೆ ಅದು. 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷಗಳ ಕಾಯುವಿಕೆ!

ಅಲ್ಲಿ ಝುಹರ್ ನಮಾಝ್ ಮುಗಿಸಿ ಬುತ್ತಿ ಬಿಚ್ಚಿದೆವು. “ಬೇಗ, ಬೇಗ” ಎಂದು ನಾನು ಅವಸರ ಮಾಡಿದೆ. ಮಗ್ರಿಬ್‌ಗೆ ಮುಂಚೆ ಕಾಡಂಚಿನ ಒಂದು ತೋಟದ ಮನೆ ಸೇರಬೇಕಿತ್ತು. ಆ ಕಡೆಯ ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಕತ್ತಲಾದ ಮೇಲೆ ನಡೆಯುವ ಹಾದಿಯಲ್ಲ.

ಅಣೆಕಟ್ಟು ದಾಟಿದ ಮೇಲೆ ಏರು ಶುರುವಾಯಿತು. ಕುರುಚಲು ಕಾಡು, ಜಾಲಿ ಮುಳ್ಳು, ಕಾಲಿಟ್ಟಲ್ಲಿ ಜಾರುವ ಕಲ್ಲು. ನಾನು ಎಲ್ಲರಿಗಿಂತ ಮುಂದೆ ಬಿರುಸಾಗಿ ನಡೆದೆ. ಮುಂದೆ ನಡೆಯುವುದೇ ಅಮೀರನ ಕೆಲಸವೆಂದು ನಂಬಿದ್ದೆ. ಅಸ್ರ್ ಸಮಯಕ್ಕೆ ದಿಬ್ಬದ ಮೇಲೆ ನಿಂತಾಗ ಕಿರಿಯ ಗೆಳೆಯ ಹೇಳಿದ: “ಅಮೀರ್ ಸಾಬ್, ನಾವು ನಾಲ್ಕೇ ಜನ ಇದ್ದೀವಿ.”

ಎದೆ ಧಸಕ್ಕೆಂದಿತು. ಬಂದ ದಾರಿಯಲ್ಲೇ ಓಡಿದೆವು. ಬಹಳ ಕೆಳಗೆ ಒಂದು ಬಂಡೆಗೆ ಒರಗಿ ದರ್ಜಿ ಭಾಯಿ ಕುಳಿತಿದ್ದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು; ನನ್ನ ಅವಸರಕ್ಕೆ ಮಧ್ಯಾಹ್ನ ಎರಡು ತುತ್ತಿಗೇ ಎದ್ದಿದ್ದರು. ಅದರ ಮೇಲೆ ಇಷ್ಟು ನಡಿಗೆ. ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು. ಅಲ್ಲಾಹನ ಕೃಪೆ, ಪ್ರಜ್ಞೆ ಇತ್ತು. ನೀರಿನಲ್ಲಿ ಬೆಲ್ಲ ಕರಗಿಸಿ ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು.

“ಒಂದು ಕೂಗು ಹಾಕಬಾರದಿತ್ತೇ ಭಾಯಿ?” ಎಂದೆ.

“ನೀವೆಲ್ಲ ಖುಷಿಯಾಗಿ ಹೋಗ್ತಿದ್ರಿ. ನನ್ನಿಂದ ಅದು ಯಾಕೆ ಕೆಡಬೇಕು ಅಂತ ಸುಮ್ಮನಾದೆ” ಎಂದರು.

ಅಂದಿನಿಂದ ಆ ಉತ್ತರ ನನ್ನನ್ನು ಕಾಡುತ್ತಿದೆ. ‘ಅವರು ಹೇಳಲಿಲ್ಲ, ನನಗೆ ಗೊತ್ತಾಗಲಿಲ್ಲ’ ಎಂದು ಕೈತೊಳೆದುಕೊಳ್ಳಬಹುದೇ? ದುರ್ಬಲನು ಕೂಗದಿದ್ದರೆ ಬಲಶಾಲಿಯ ಹೊಣೆ ತೀರಿತೇ?

ತೀರುವುದಿಲ್ಲ. ಉತ್ತರ ನಾವು ದಿನವೂ ನಿಲ್ಲುವ ಸಫ್‌ನಲ್ಲೇ ಇದೆ. ಇಮಾಮ್ ಜನರಿಗೆ ಬೆನ್ನು ಮಾಡಿ ನಿಂತಿರುತ್ತಾರೆ. ಹಿಂದೆ ಯಾರಿದ್ದಾರೆಂದು ಅವರಿಗೆ ಕಾಣದು. ನಮಾಝ್‌ನ ಮಧ್ಯೆ ಯಾರೂ ಹೇಳುವಂತೆಯೂ ಇಲ್ಲ. ಆದ್ದರಿಂದಲೇ, ಜನರಿಗೆ ನಮಾಝ್ ಮಾಡಿಸುವವನು ಅದನ್ನು ಹಗುರಗೊಳಿಸಲಿ, ಅವರಲ್ಲಿ ದುರ್ಬಲರೂ ರೋಗಿಗಳೂ ವೃದ್ಧರೂ ಇದ್ದಾರೆಂದು ಪ್ರವಾದಿವರ್ಯರು(ಸ) ಕಲಿಸಿದರು. ದುರ್ಬಲನು ಇದ್ದಾನೆಂದು ಮೊದಲೇ ಭಾವಿಸಿ ನಡೆಯುವುದು ಮುಂದಿರುವವನ ಕರ್ತವ್ಯ. ದೂರು ಬರಲೆಂದು ಕಾಯುವುದಲ್ಲ. ಸ್ವತಃ ಅವರು ಪ್ರಯಾಣದಲ್ಲಿ ಹಿಂದಿನಿಂದ ಬರುತ್ತಿದ್ದರು; ಬಳಲಿದವರನ್ನು ಮುನ್ನಡೆಸುತ್ತಿದ್ದರು, ತಮ್ಮ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ಈ ಹದೀಸ್ ನನಗೆ ಕಂಠಪಾಠವಾಗಿತ್ತು. ಕಾಲಿಗೆ ಮಾತ್ರ ಇಳಿದಿರಲಿಲ್ಲ.

ಹೀಗೆ ಎಲ್ಲರಿಗೂ ಕಾಯುತ್ತಾ ಕುಳಿತರೆ ಗುರಿ ಮುಟ್ಟುವುದೆಂದು ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕತ್ತಲ ಭಯ ನಿಜವಾಗಿತ್ತು, ನನ್ನ ಅವಸರಕ್ಕೂ ಕಾರಣವಿತ್ತು. ಆದರೆ ಅವಸರದಿಂದ ಸಮಯ ಉಳಿಯಲಿಲ್ಲ, ಹೋದದ್ದೇ ಹೆಚ್ಚು. ಅಂದು ತೋಟದ ಮನೆ ಮುಟ್ಟಿದ್ದು ಇಶಾ ಹೊತ್ತಿಗೆ, ಬ್ಯಾಟರಿ ಬೆಳಕಿನಲ್ಲಿ, ಪ್ರತಿ ಸದ್ದಿಗೂ ಬೆಚ್ಚುತ್ತಾ. ಮರುದಿನ ದರ್ಜಿ ಭಾಯಿಯನ್ನು ಮುಂದೆ ಬಿಟ್ಟು ನಾನು ಕೊನೆಯವನಾದೆ. ಅವರ ಹೆಜ್ಜೆಗೆ ನಾವು ಹೆಜ್ಜೆ ಹಾಕಿದೆವು. ಮೂರನೆಯ ಸಂಜೆ ಐವರೂ ದುರ್ಗ ಸೇರಿದೆವು.

ಓದುಗರೇ, ಮನೆಯಲ್ಲಿ ‘ನನಗೇನೂ ಬೇಡ’ ಎನ್ನುವ ತಾಯಿ, ತರಗತಿಯಲ್ಲಿ ಅರ್ಥವಾಗದಿದ್ದರೂ ತಲೆಯಾಡಿಸುವ ಹಿಂದಿನ ಸಾಲಿನ ಹುಡುಗ, ಫೀಸು ಕಟ್ಟಲಾಗದೆ ಮಗಳನ್ನು ಶಾಲೆ ಬಿಡಿಸಿ ಸುಮ್ಮನಿರುವ ನೆರೆಯವ, ಇವರಾರೂ ಕೂಗುವುದಿಲ್ಲ. ಅವರ ಮೌನವನ್ನು ನಾವು ನೆಮ್ಮದಿಯೆಂದು ತಿಳಿಯುತ್ತೇವೆ. ನಮ್ಮ ನಾಲೆಯ ರೈತರಿಗೆ ಒಂದು ಸತ್ಯ ಗೊತ್ತು: ತೂಬಿನ ಬಳಿ ನೀರು ಯಾವಾಗಲೂ ಇರುತ್ತದೆ, ನಾಲೆಯ ಯೋಗ್ಯತೆ ತಿಳಿಯುವುದು ಕೊನೆಯ ಹೊಲದಲ್ಲಿ.

ನಾನೀಗ ಪಾಠ ಆರಂಭಿಸುವ ಮೊದಲು ತರಗತಿಯ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತೇನೆ. ಎಣಿಕೆಯನ್ನು ಅಲ್ಲಿಂದಲೇ ಶುರುಮಾಡುತ್ತೇನೆ.