ಕೊಟ್ಟ ಮೈ, ತಿದ್ದಿದ ಮೈ

ಹುಟ್ಟಿನಿಂದ ಬಂದ ಮೈಯನ್ನು ಚೆಂದಕ್ಕಾಗಿ ಬದಲಿಸುವ ಅಧಿಕಾರ ಮನುಷ್ಯನಿಗೆ ಇದೆಯೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆ. ಈಗ ಅದಕ್ಕೆ ಪಯಣವೂ ಸೇರಿಕೊಂಡಿದೆ. ಕೂದಲು ನಾಟಿಗೆ ಇಸ್ತಾಂಬುಲ್, ಮುಖದ ಶಸ್ತ್ರಚಿಕಿತ್ಸೆಗೆ ಸೋಲ್, ಇನ್ನಿತರ ಚಿಕಿತ್ಸೆಗಳಿಗೆ ಬ್ಯಾಂಕಾಕ್ ಹೆಸರಾಗಿವೆ. ಆಂಧ್ರದ ಗಡಿಯಲ್ಲಿರುವ ರಾಯದುರ್ಗ, ಮಡಕಶಿರಾಗಳ ಕನ್ನಡ ಮನೆಗಳಿಗೆ ಹತ್ತಿರದ ಪರಸ್ಥಳವೆಂದರೆ ಬಳ್ಳಾರಿ, ಇಲ್ಲವೇ ಹಿಂದೂಪುರದ ದಾರಿಯಾಗಿ ಬೆಂಗಳೂರು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಮಡಕಶಿರಾ 2022ರಲ್ಲಿ ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಪಯಣ ಬಳ್ಳಾರಿಗೇ ಆಗಲಿ, ಬ್ಯಾಂಕಾಕಿಗೇ ಆಗಲಿ, ಹೊರಡುವ ಮೊದಲು ಮನೆಯಲ್ಲಿ ಏಳುವ ಮಾತು ಒಂದೇ: ದೇವರು ಕೊಟ್ಟದ್ದನ್ನು ತಿದ್ದುವುದು ಸರಿಯೇ?

ಈ ಮಾತಿಗೆ ರಾಯದುರ್ಗದ ಬೆಟ್ಟದಲ್ಲಿಯೇ ಒಂದು ಕಥೆಯಿದೆ. ಅಲ್ಲಿ ಬಂಡೆಯಲ್ಲಿ ಕೊರೆದ ಗವಿಗಳಿದ್ದು, ಅವುಗಳ ಬಳಿ ಸಿದ್ಧರ ಉಬ್ಬುಶಿಲ್ಪಗಳಿವೆ. ಜನ ಅದನ್ನು ರಸಸಿದ್ಧನ ನೆಲೆ ಎನ್ನುತ್ತಾರೆ. 1904ರ ಬಳ್ಳಾರಿ ಗೆಜೆಟಿಯರ್ ಸ್ಥಳದ ಐತಿಹ್ಯವನ್ನು ದಾಖಲಿಸಿದೆ. ರಾಜನ ಕಿರಿಯ ಹೆಂಡತಿ ಚಿತ್ರಾಂಗಿ ಮಲಮಗ ಸಾರಂಗಧರನನ್ನು ಬಯಸಿದಳು. ಅವನು ಒಪ್ಪದಿದ್ದಾಗ ಅವನ ಮೇಲೆಯೇ ದೂರು ಹೇಳಿದಳು. ರಾಜ ಮಗನ ಕೈಕಾಲು ಕಡಿಸಿದ. ಬಂಡೆಯ ಮೇಲೆ ಬಿದ್ದಿದ್ದ ಹುಡುಗನನ್ನು ರಸಸಿದ್ಧ ಕಂಡು, ಅವನು ನಿರಪರಾಧಿ ಎಂದರಿತು, ಮೂಲಿಕೆ ಹಚ್ಚಿ ಕೈಕಾಲು ಮತ್ತೆ ಬೆಳೆಯುವಂತೆ ಮಾಡಿದ. ತೆಲುಗು ಕಾವ್ಯಗಳು ಈ ಕಥೆಯನ್ನು ರಾಜಮಹೇಂದ್ರಿಯಲ್ಲಿ ಇಡುತ್ತವೆ. ರಾಯದುರ್ಗದವರಿಗೆ ಅದು ತಮ್ಮ ಬೆಟ್ಟದ್ದೇ. ಹೋದ ಅಂಗವನ್ನು ಮರಳಿ ಕೊಡುವುದು ಸಿದ್ಧನಿಗೆ ತಕ್ಕ ಕೆಲಸ ಎಂಬ ನಂಬಿಕೆ ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇಷ್ಟು ಸಾಕು.

ಆದರೂ ಕರ್ಮದ ಮಾತು ಅಡ್ಡ ಬರುತ್ತದೆ. ಸೀಳುತುಟಿಯ ಮಗು ಹುಟ್ಟಿದರೆ ಬಸುರಿ ಗ್ರಹಣ ನೋಡಿದ್ದರಿಂದ ಹೀಗಾಯಿತು ಎನ್ನುವ ನಂಬಿಕೆ ಕನ್ನಡ, ತೆಲುಗು ಎರಡೂ ಮಾತಿನ ಮನೆಗಳಲ್ಲಿ ಉಂಟು. ಗ್ರಹಣಕ್ಕೂ ತುಟಿಗೂ ಸಂಬಂಧವಿಲ್ಲ. ಬಸಿರಿನ ಮೊದಲ ವಾರಗಳಲ್ಲಿ ಮುಖದ ಎರಡು ಕಡೆಯ ಭಾಗಗಳು ಸರಿಯಾಗಿ ಕೂಡಿಕೊಳ್ಳದಿದ್ದರೆ ತುಟಿ ಸೀಳಿಕೊಳ್ಳುತ್ತದೆ. ಮಗುವಿನ ಕೊರತೆಯನ್ನು ತಾಯಿಯ ತಪ್ಪಾಗಿ ಎಣಿಸುವುದು ಧರ್ಮವಲ್ಲ, ಕ್ರೌರ್ಯ. ಇನ್ನು ಹಣೆಬರಹ ಎಂದು ಕೈಕಟ್ಟಿ ಕೂರುವವರಿಗೆ ಚರಕಸಂಹಿತೆಯ ವಿಮಾನಸ್ಥಾನದಲ್ಲೇ ಉತ್ತರವಿದೆ. ಆಯುಸ್ಸೆಲ್ಲ ಮೊದಲೇ ನಿಶ್ಚಯವಾಗಿದ್ದರೆ ಔಷಧಿಗೂ ಪಥ್ಯಕ್ಕೂ ಅರ್ಥವೇ ಇರದು; ದೈವ ದುರ್ಬಲವಾಗಿದ್ದಲ್ಲಿ ಪುರುಷಪ್ರಯತ್ನ ಅದನ್ನು ಮೀರುತ್ತದೆ ಎಂಬುದು ಆ ಗ್ರಂಥದ ನಿಲುವು. ಕರ್ಮವನ್ನು ನಂಬಿದವರೇ ಚಿಕಿತ್ಸೆಗೆ ಹೀಗೆ ಜಾಗ ಮಾಡಿಕೊಟ್ಟರು.

ಮೈಯನ್ನು ಇದ್ದಂತೆಯೇ ಬಿಡಬೇಕೆಂದು ಈ ನಾಡಿನ ಆಚಾರ ಎಂದೂ ಹೇಳಿದ್ದಿಲ್ಲ. ಮಗುವಿನ ಕಿವಿ ಚುಚ್ಚುವುದು ಸಂಸ್ಕಾರ. ಹಚ್ಚೆ ಹಾಕಿಸಿಕೊಂಡ ಅಜ್ಜಿಯರು, ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರು ಪ್ರತಿ ಊರಲ್ಲೂ ಇದ್ದಾರೆ. ಭಾರದ ಓಲೆಗೆ ಕಿವಿಯ ಹಾಲೆ ಹರಿದರೆ ಅದನ್ನು ಕೂಡಿಸುವ ಹದಿನೈದು ಬಗೆಗಳನ್ನು ಸುಶ್ರುತಸಂಹಿತೆ ವಿವರಿಸುತ್ತದೆ; ಕೊಯ್ದ ಮೂಗನ್ನು ಮತ್ತೆ ಕಟ್ಟುವ ಕ್ರಮವನ್ನೂ ಅಲ್ಲೇ ಹೇಳುತ್ತದೆ. ಆ ವಿದ್ಯೆ ಹೊರದೇಶಕ್ಕೆ ಹೋದ ಕಥೆ ಮೈಸೂರಿನ ಯುದ್ಧಕ್ಕೆ ಅಂಟಿಕೊಂಡಿದೆ. 1792ರಲ್ಲಿ ಮುಗಿದ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕಡಿದರು. ಮುಂದೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರಲ್ಲಿ ಅದನ್ನು ಚಿತ್ರದೊಡನೆ ಅಚ್ಚುಮಾಡಿತು. ಅದರ ಜಾಡು ಹಿಡಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ಶಸ್ತ್ರಚಿಕಿತ್ಸೆ ನಡೆಸಿದ. ಶಾಸ್ತ್ರ ಓದಿದವರಿಗಿಂತ ಇಟ್ಟಿಗೆಯವನ ಕೈಯಲ್ಲಿ ಈ ವಿದ್ಯೆ ಉಳಿದು ಬಂದದ್ದು ನೆನೆಯಬೇಕಾದ ಸಂಗತಿ.

ರೂಪದ ಬಗ್ಗೆ ಅತ್ಯಂತ ಸೂಕ್ಷ್ಮವಾಗಿ ಯೋಚಿಸಿದವರು ಜೈನರು. ಮಡಕಶಿರಾ ಸೀಮೆ ಅವರಿಗೆ ಹೊಸದಲ್ಲ. ಹೇಮಾವತಿ ಒಮ್ಮೆ ನೊಳಂಬರ ರಾಜಧಾನಿ. ಅಮರಾಪುರದ ಕಡೆ ಜೈನ ಶಾಸನಗಳು ಸಿಕ್ಕಿವೆ. ಜೈನ ಸಿದ್ಧಾಂತದ ಎಂಟು ಕರ್ಮಗಳಲ್ಲಿ ನಾಮಕರ್ಮವೂ ಒಂದು. ಜೀವಕ್ಕೆ ಯಾವ ಮೈ, ಯಾವ ಬಣ್ಣ, ಯಾವ ದನಿ ಎಂಬುದನ್ನು ಅದು ನಿರ್ಣಯಿಸುತ್ತದೆ. ಎಲ್ಲ ಅಳತೆಯೂ ಕೂಡಿಬಂದ ಸಮಚತುರಸ್ರದಿಂದ ಹಿಡಿದು ಕುಬ್ಜ, ವಾಮನ, ಯಾವ ಅಳತೆಯೂ ಕೂಡದ ಹುಂಡದವರೆಗೆ ಆಕಾರಗಳು ಆರು. ಮತ್ತೊಬ್ಬರಿಗೆ ಇಷ್ಟವಾಗುವುದು, ಆಗದಿರುವುದು ಕೂಡ ಸುಭಗ, ದುರ್ಭಗ ಎಂಬ ನಾಮಕರ್ಮಗಳ ಫಲ. ಆದರೆ ಈ ಯಾವುದೂ ಆತ್ಮದ ಗುಣವಲ್ಲ, ಎಲ್ಲವೂ ಪುದ್ಗಲದ್ದು, ಎಂದರೆ ಜಡದ್ರವ್ಯದ್ದು. ಆಕಾರ ಹುಂಡವೆಂದು ಜೀವ ಕೀಳಾಗುವುದಿಲ್ಲ. ಕುರೂಪವನ್ನು ಹಳಿಯಲು ಕರ್ಮಸಿದ್ಧಾಂತವನ್ನು ಬಳಸುವವರು ಈ ಅರ್ಧವನ್ನು ಮರೆಯುತ್ತಾರೆ.

ಶರಣರು ಇನ್ನೊಂದು ದಾರಿ ಹಿಡಿದರು. ಅವರಿಗೆ ಕಾಯ ಹೇಯವಲ್ಲ; ಇಷ್ಟಲಿಂಗ ನೆಲೆಸುವುದು ಅದರ ಮೇಲೆಯೇ. ‘ಶೂನ್ಯಸಂಪಾದನೆ’ಯಲ್ಲಿ ಅಕ್ಕಮಹಾದೇವಿ ಉಡುಗೆ ತೊರೆದು, ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ಬರುತ್ತಾಳೆ. ಮೈಯ ಹಂಗು ಬಿಟ್ಟಿದ್ದರೆ ಕೂದಲಿನ ಮರೆ ಯಾಕೆ ಎಂದು ಅಲ್ಲಮ ಕೆಣಕುತ್ತಾನೆ. ಮರೆ ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬ ಅರ್ಥದ ಉತ್ತರ ಕೊಡುತ್ತಾಳೆ ಅಕ್ಕ. ಇಡೀ ಪ್ರಶ್ನೆಯ ತಿರುಳು ಈ ಸಂವಾದದಲ್ಲಿದೆ. ತೊಡಕು ಮೈಯಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ.

ಇಸ್ಲಾಮಿನಲ್ಲಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದರ ವಿರುದ್ಧ ಕುರ್‌ಆನಿನ ಎಚ್ಚರಿಕೆಯಿದೆ. ಜೊತೆಗೆ, ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ ಎಂಬಾತನ ಹದೀಸೂ ಇದೆ. ಅವನ ಬೆಳ್ಳಿಯ ಮೂಗು ನಾರತೊಡಗಿದಾಗ, ಗಂಡಸರಿಗೆ ಚಿನ್ನದ ಒಡವೆ ಸಲ್ಲದಿದ್ದರೂ ಪ್ರವಾದಿಯವರು ಚಿನ್ನದ ಮೂಗಿಗೆ ಅನುಮತಿ ಕೊಟ್ಟರು. ಕೊರತೆ ನೀಗುವುದು ಸರಿ, ಬರಿಯ ಚೆಂದಕ್ಕೆ ಬದಲಿಸುವುದು ಸಲ್ಲದು ಎಂದು ಬಹುಪಾಲು ಧರ್ಮಜ್ಞರು ಗೆರೆ ಎಳೆಯುವುದು ಇದರ ಆಧಾರದ ಮೇಲೆ.

ಈ ಗೆರೆ ಕಾಗದದ ಮೇಲೆ ಸ್ಪಷ್ಟ, ಬದುಕಿನಲ್ಲಿ ಅಲ್ಲ. ಸುಟ್ಟ ಗಾಯದ ಕಲೆ ತೆಗೆಸುವುದು ದುರಸ್ತಿ, ಕಪ್ಪು ಬಣ್ಣ ತಿಳಿಯಾಗಿಸುವುದು ಶೋಕಿ ಎಂದು ಹೇಳಿಬಿಡಬಹುದು. ಆದರೆ ಚಿಕ್ಕಂದಿನಿಂದ ‘ಕರಿಯಿ’ ಎಂದು ಕರೆಸಿಕೊಂಡು, ಬಂದ ಗಂಡುಗಳೆಲ್ಲ ಬಣ್ಣದ ನೆಪ ಹೇಳಿ ಹೋದದ್ದನ್ನು ಕಂಡ ಹುಡುಗಿಗೆ ಆದದ್ದು ಗಾಯವಲ್ಲವೇ? ಮೂವತ್ತಕ್ಕೇ ತಲೆ ಬೋಳಾಗಿ ಹೆಣ್ಣು ಸಿಗದ ಹುಡುಗನದು? ಸಾರಂಗಧರನ ಕಥೆಯ ಉತ್ತರಾರ್ಧ ನೆರವಿಗೆ ಬರುವುದು ಇಲ್ಲಿ. ಕೈಕಾಲು ಬೆಳೆದ ಮೇಲೆ ಕಥೆ ನಿಲ್ಲುವುದಿಲ್ಲ. ಮಗ ತಂದೆಯ ಮುಂದೆ ಹೋಗಿ ನಿಲ್ಲುತ್ತಾನೆ. ರಾಜನಿಗೆ ತನ್ನ ತಪ್ಪು ತಿಳಿಯುತ್ತದೆ. ದೂರು ಹೇಳಿದವಳಿಗೆ ಶಿಕ್ಷೆಯಾಗುತ್ತದೆ. ಗಾಯ ಮಾಡಿದವರನ್ನು ಹಾಗೆಯೇ ಬಿಟ್ಟು ಗಾಯಗೊಂಡವರನ್ನಷ್ಟೇ ತಿದ್ದಿದರೆ ನ್ಯಾಯ ಮುಗಿಯಲಿಲ್ಲ. ಹುಡುಗಿ ಬೆಂಗಳೂರಿಗೆ ಹೋಗಿ ಬಣ್ಣ ತಿಳಿ ಮಾಡಿಸಿಕೊಂಡು ಬಂದರೆ ಅವಳನ್ನು ಪಾಪಿ ಎನ್ನಲು ಯಾವ ಧರ್ಮಕ್ಕೂ ಬಾಯಿಲ್ಲ. ಅವಳನ್ನು ಅಲ್ಲಿಗೆ ಅಟ್ಟಿದ ಮಾತು ಮಾತ್ರ ಅಧರ್ಮವೇ.

ದೂರ ಹೋಗುವುದಕ್ಕೆ ಒಳ್ಳೆಯ ವೈದ್ಯರು ಅಲ್ಲಿದ್ದಾರೆಂಬುದು ಒಂದು ಕಾರಣವಾದರೆ, ಊರಿಗೆ ಗೊತ್ತಾಗಬಾರದು ಎಂಬುದು ಇನ್ನೊಂದು. ಈ ಗುಟ್ಟು ಅಪಾಯವನ್ನು ಹೆಚ್ಚಿಸುತ್ತದೆ. ಗಾಯಕ್ಕೆ ಸೋಂಕು ತಗುಲುವುದು, ರಕ್ತ ಹೆಪ್ಪುಗಟ್ಟುವುದು ಎಷ್ಟೋ ಸಲ ಊರಿಗೆ ಮರಳಿದ ಮೇಲೆ. ಆಗ ಕೊಯ್ದ ವೈದ್ಯರು ಹತ್ತಿರವಿರುವುದಿಲ್ಲ, ಇಲ್ಲಿನ ವೈದ್ಯರಿಗೆ ನಡೆದದ್ದನ್ನು ಹೇಳಲು ನಾಚಿಕೆ ಬಿಡುವುದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ಜೀವ ಕಳೆದುಕೊಂಡರು. ಮನೆಯವರಿಗೆ ಮೊದಲೇ ತಿಳಿಸಿರಲಿಲ್ಲ ಎಂದು ಆಗ ವರದಿಯಾಗಿತ್ತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ, ಕೂದಲು ನಾಟಿಯನ್ನು ತರಬೇತಾದ ವೈದ್ಯರೇ ಮಾಡಬೇಕು, ವೀಡಿಯೊ ನೋಡಿ ಕಲಿತದ್ದು ಸಾಲದು ಎಂದು ಸೂಚನೆ ಹೊರಡಿಸಿತು.

ಹೋಗಲೇಬೇಕೆಂದು ತೀರ್ಮಾನಿಸಿದವರು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಲಿ. ಕೊಯ್ಯುವವರ ಓದು, ನೋಂದಣಿಗಳನ್ನು ವಿಚಾರಿಸಲಿ. ಮರಳಿದ ಮೇಲೆ ನೋಡಿಕೊಳ್ಳುವ ವೈದ್ಯರನ್ನು ಊರಲ್ಲೇ ಮೊದಲು ಗೊತ್ತುಮಾಡಿಕೊಳ್ಳಲಿ. ಇನ್ನು ಹೆಣ್ಣು ನೋಡಲು, ಗಂಡು ನೋಡಲು ಹೊರಡುವ ಹಿರಿಯರು ಬಣ್ಣ, ಎತ್ತರ, ತಲೆಗೂದಲಿನ ಮಾತನ್ನು ದಯವಿಟ್ಟು ಬಿಡಲಿ.